ಒಂದು ನಿಮಿಷದ ಮೊಳಗು: ಬ್ಯಾಂಡ್‌ಗೆ ಫ್ಯಾನ್‌ಫೇರ್ ಬರೆಯುವುದು ಹೇಗೆ?

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ನಾನು ಮೊದಲ ಸಲ ಫ್ಯಾನ್‌ಫೇರ್ ಬರೆದದ್ದು ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ. ಫ್ಯಾನ್‌ಫೇರ್ ಅಂದರೆ ಗಣ್ಯರು ಬರುವಾಗ ಬ್ಯಾಂಡ್ ಮೊಳಗಿಸುವ ಪುಟ್ಟ ಕಹಳೆ ತುಣುಕು. ಒಂದೂವರೆ ನಿಮಿಷದ ತುಣುಕು. ಮುಖ್ಯ ಅತಿಥಿ ಕಾರಿಳಿದು ವೇದಿಕೆ ಹತ್ತಿದ್ದು 25 ಸೆಕೆಂಡಿನಲ್ಲಿ. ಉಳಿದ ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಪಾಪ, ಕೈಮುಗಿದುಕೊಂಡು ನಿಂತೇ ಇದ್ದರು. ಮುಗಿಯಿತು ಅಂದುಕೊಂಡು ಕೂರಲು ಹೋದಾಗಲೆಲ್ಲ ನನ್ನ ಟ್ರಂಪೆಟ್‌ಗಳು ಮತ್ತೆ ಮೊಳಗುತ್ತಿದ್ದವು. ಆಮೇಲೆ ಬ್ಯಾಂಡ್ ಮಾಸ್ಟರ್ ಸಾರ್ ಪಕ್ಕಕ್ಕೆ ಕರೆದು, "ಚೆನ್ನಾಗಿದೆ ಕಣಪ್ಪಾ. ಆದರೆ ಇದನ್ನ ಬರೆದದ್ದು ಅವರಿಗೋ, ನಿನಗೋ?" ಅಂದರು.

ಫ್ಯಾನ್‌ಫೇರ್ ಕೂತು ಕೇಳುವ ಕೃತಿಯಲ್ಲ. ಊರಿನಲ್ಲಿ ಡಂಗುರ ಹೊಡೆಯುವವನಿಗೆ ಇರುವಂಥದ್ದೇ ಕೆಲಸ ಅದಕ್ಕೂ. ಏನೋ ಆಗಲಿಕ್ಕಿದೆ, ಈ ಕಡೆ ತಿರುಗಿ ಅಂತ ಹೇಳಿ ಪಕ್ಕಕ್ಕೆ ಸರಿಯಬೇಕು. ಅದಕ್ಕೇ ಇದನ್ನು ಬರೆಯುವಾಗ ಪೆನ್ಸಿಲ್‌ಗಿಂತ ಮೊದಲು ಕಾಲಿಗೆ ಕೆಲಸ.

ಮೊದಲು ಜಾಗ ನೋಡಿ ಬನ್ನಿ

ಕಾರ್ಯಕ್ರಮ ನಡೆಯುವ ಜಾಗಕ್ಕೆ ಹೋಗಿ. ಅತಿಥಿ ಎಲ್ಲಿ ಇಳಿಯುತ್ತಾರೆ, ಎಲ್ಲಿಗೆ ನಡೆಯುತ್ತಾರೆ ಅಂತ ಕೇಳಿ, ಆ ದಾರಿಯನ್ನು ನೀವೇ ನಡೆದು ನೋಡಿ. ನಿಮ್ಮ ನಡಿಗೆಯಲ್ಲಲ್ಲ, ಅರವತ್ತು ದಾಟಿದವರ ನಡಿಗೆಯಲ್ಲಿ. ಮೊಬೈಲ್‌ನಲ್ಲಿ ಸಮಯ ಹಿಡಿಯಿರಿ. ಮೆಟ್ಟಿಲಿದ್ದರೆ, ನಡುವೆ ಹಾರ ಹಾಕುವವರು ನಿಂತಿರುತ್ತಾರೆ ಅಂದರೆ, ಅದನ್ನೂ ಸೇರಿಸಿ. ಸಿಗುವ ಲೆಕ್ಕವೇ ನಿಮ್ಮ ತುಣುಕಿನ ಉದ್ದ.

ಆಮೇಲೆ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಹೊರಗಿನ ಮೈದಾನವಾದರೆ ಸದ್ದು ಹಾಗೇ ಹೋಗಿಬಿಡುತ್ತದೆ. ಎದುರಿಗೆ ದೊಡ್ಡ ಗೋಡೆ ಇದ್ದರೆ ವಾಪಸ್ ಬರುತ್ತದೆ. ಗೋಡೆ 50 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಹೋಗಿ ಬರಲು 0.3 ಸೆಕೆಂಡ್ ಹಿಡಿಯುತ್ತದೆ. ಅಂಥ ಕಡೆ ಪಟಪಟ ಓಡುವ ಸ್ವರಗಳನ್ನು ಬರೆದರೆ ಬರೀ ಗಲಾಟೆ. ಒಳಗಿನ ಸಭಾಂಗಣಕ್ಕೆ ಬರೆದದ್ದನ್ನು ಪೆರೇಡ್ ಮೈದಾನಕ್ಕೆ ಹಾಗೇ ಎತ್ತಿಕೊಂಡು ಹೋದರೆ ಕೆಡುವುದು ಇಲ್ಲೇ.

ಮೂರನೆಯ ಪ್ರಶ್ನೆ: ಫ್ಯಾನ್‌ಫೇರ್ ಆದ ಮೇಲೆ ಏನು? ಭಾಷಣವೋ, ಧ್ವಜಾರೋಹಣವೋ, ರಾಷ್ಟ್ರಗೀತೆಯೋ? ರಾಷ್ಟ್ರಗೀತೆ ಅಂದರೆ ಸ್ವಲ್ಪ ನಿಲ್ಲಿ. ಬ್ಯಾಂಡ್ 'ಜನ ಗಣ ಮನ' ನುಡಿಸುವ ಮೊದಲು ಡ್ರಮ್ ರೋಲ್ ಬರಬೇಕು ಅಂತ ಕೇಂದ್ರ ಸರ್ಕಾರದ ಆದೇಶವೇ ಇದೆ. ನಿಧಾನ ನಡಿಗೆಯ 7 ಹೆಜ್ಜೆಯಷ್ಟು ಉದ್ದದ ರೋಲ್, ಆಮೇಲೆ ಒಂದು ಬೀಟ್ ಮೌನ, ನಂತರ ಗೀತೆ. ಆದರೆ ರಾಷ್ಟ್ರಗೀತೆಗೆ ಮುಂಚೆ ಫ್ಯಾನ್‌ಫೇರ್ ಮೊಳಗಿದರೆ ಈ ರೋಲ್ ಬೇಕಿಲ್ಲ ಅಂತ ಅದೇ ಆದೇಶ ಹೇಳುತ್ತದೆ. ಅಂದರೆ ಆಗ ಜನರನ್ನು ಎದ್ದು ನಿಲ್ಲಿಸುವ ಹೊಣೆ ನಿಮ್ಮ ತುಣುಕಿನ ಮೇಲೆ. ಬ್ಯಾಂಡ್‌ನವರು ರಾಷ್ಟ್ರಗೀತೆಯನ್ನು ಯಾವ ಶ್ರುತಿಯಲ್ಲಿ ನುಡಿಸುತ್ತಾರೆ ಕೇಳಿ, ಆ ಶ್ರುತಿಯಲ್ಲೇ ಮುಗಿಸಿ. ಪೂರ್ಣ ಗೀತೆಗೆ ಸುಮಾರು 52 ಸೆಕೆಂಡ್ ಬೇಕು. ಅದರ ಮುಂದೆ ಎರಡು ನಿಮಿಷದ ಪೀಠಿಕೆ ಬರೆದರೆ ಮೂಗಿಗಿಂತ ಮೂಗುತಿ ಭಾರ.

ಯಾರು ಬರುತ್ತಾರೆ, ಎಷ್ಟು ಜನ

ಬ್ಯಾಂಡ್ ಮಾಸ್ಟರ್ ಹತ್ತಿರ ಕೂತು ಹೆಸರು ಹಿಡಿದು ಲೆಕ್ಕ ಬರೆದುಕೊಳ್ಳಿ. "ಟ್ರಂಪೆಟ್ ನಾಲ್ಕಿವೆ" ಅನ್ನುವುದು ಸಾಲದು. ನಾಲ್ಕರಲ್ಲಿ ಎಷ್ಟು ಜನ ಗಟ್ಟಿಯಾಗಿ ಊದುತ್ತಾರೆ, ಯಾರು ಹೊಸಬರು, ಅದು ಮುಖ್ಯ. ನಾನು ಯಾವಾಗಲೂ ಎರಡನೆಯ ಟ್ರಂಪೆಟ್‌ನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತೇನೆ. ಮೊದಲನೆಯವರು ಹೇಗೂ ನುಡಿಸಿಬಿಡುತ್ತಾರೆ.

ಫೌಜಿನ ಬ್ಯಾಂಡ್‌ಗಳ ಜೊತೆ ಬ್ಯಾಗ್‌ಪೈಪ್‌ನವರೂ ಇರುತ್ತಾರೆ. ಅವರನ್ನು ಫ್ಯಾನ್‌ಫೇರ್‌ಗೆ ಸೇರಿಸಬೇಡಿ. ಪೈಪ್‌ನ ಶ್ರುತಿ ಹಿತ್ತಾಳೆ ವಾದ್ಯಗಳ ಶ್ರುತಿಗೆ ಹತ್ತಿರ ಬಂದು ಸ್ವಲ್ಪದರಲ್ಲಿ ತಪ್ಪುತ್ತದೆ. ಪೂರ್ತಿ ಬೇರೆಯಿದ್ದರೂ ಸಹಿಸಬಹುದು, ಸ್ವಲ್ಪ ಬೇರೆಯಿದ್ದರೆ ಹಲ್ಲು ಜುಮ್ ಅನ್ನುತ್ತದೆ.

ಸ್ವರ ಎಲ್ಲಿಂದ ತರಬೇಕು?

ವಾಲ್ವ್ (ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿ) ಇಲ್ಲದ ಬ್ಯೂಗಲ್, ಅಂದರೆ ಸೈನ್ಯದ ಸಣ್ಣ ಕಹಳೆ, ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಸಲೀಸಾಗಿ ಸಿಗುವುದು ಐದೇ ಸ್ವರ. ನಮ್ಮ ಭಾಷೆಯಲ್ಲಿ ಹೇಳಿದರೆ ಸ, ಪ, ಮೇಲಿನ ಸ, ಮೇಲಿನ ಗ, ಮೇಲಿನ ಪ. ಗ ಅಂದರೆ ಅಂತರ ಗಾಂಧಾರ. ಬೆಳಿಗ್ಗೆ ಎಬ್ಬಿಸುವ ಕರೆಯಿಂದ ರಾತ್ರಿ ದೀಪ ಆರಿಸುವ ಕರೆಯವರೆಗೆ ಸೈನ್ಯದ ಇಡೀ ದಿನ ಈ ಐದು ಸ್ವರದಲ್ಲೇ ಕಳೆಯುತ್ತದೆ. ಫ್ಯಾನ್‌ಫೇರ್‌ನ ರಕ್ತವೂ ಇದೇ. ಸ-ಪ-ಸ ಕೇಳಿದ ಕೂಡಲೇ ಬೆನ್ನು ನೆಟ್ಟಗಾಗುವುದು ಅದಕ್ಕೇ.

ಕರ್ನಾಟಕ ಸಂಗೀತ ಕಲಿತವರಿಗೆ ಇದು ಪರಕೀಯ ಅನ್ನಿಸಬೇಕಿಲ್ಲ. ಈಸ್ಟ್ ಇಂಡಿಯಾ ಕಂಪನಿ ಕಾಲದ ಬ್ಯಾಂಡ್ ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅಂಥ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ಮಾಡಿದರು. ಎಲ್ಲವೂ ಶಂಕರಾಭರಣದಲ್ಲಿ. ಅದರಲ್ಲಿ ಒಂದಂತೂ ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯೇ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇದ್ದವು. ನಾಲ್ವಡಿಯವರ ಕಾಲದಲ್ಲಿ ಜರ್ಮನಿಯ ಆಟೊ ಸ್ಮಿತ್ ಅಲ್ಲಿ ಬ್ಯಾಂಡ್ ನಡೆಸಿದರು. ಇಂದಿಗೂ ದಸರಾದಲ್ಲಿ ಅಂಬಾರಿಗೆ ಪುಷ್ಪಾರ್ಚನೆಯಾಗಿ 21 ಕುಶಾಲತೋಪು ಸಿಡಿಯುವಾಗ ರಾಷ್ಟ್ರಗೀತೆ ನುಡಿಸುವುದು ಪೊಲೀಸ್ ಬ್ಯಾಂಡ್. ಹಾಗಾಗಿ ಸರಿಗಮದಲ್ಲೇ ಯೋಚಿಸಿ, ಕೊನೆಗೆ ಐದು ಗೆರೆಯ ಪಾಶ್ಚಾತ್ಯ ಲಿಪಿಯಾದ ಸ್ಟಾಫ್ ನೊಟೇಶನ್‌ಗೆ ಇಳಿಸಿ. ನಾನು ಮಾಡುವುದೂ ಹಾಗೇ.

ನಾಲ್ಕು ಬಾರ್ ಕಟ್ಟುವುದು

ಈಗ ನಿಜವಾಗಿ ಒಂದು ಬರೆಯೋಣ. ಶ್ರುತಿ ಬಿ ಫ್ಲ್ಯಾಟ್ ಇಟ್ಟುಕೊಳ್ಳೋಣ, ಬ್ಯಾಂಡ್‌ನ ವಾದ್ಯಗಳಿಗೆ ಅದು ಮನೆಯಿದ್ದ ಹಾಗೆ. ಬಾರ್ ಅಂದರೆ ತಾಳದ ಒಂದು ಆವರ್ತದಂಥ ಅಳತೆ, ನಮ್ಮದು ನಾಲ್ಕು ಬೀಟಿನದು. ನಿಮಿಷಕ್ಕೆ 96 ಬೀಟ್. ನಡಿಗೆಗಿಂತ ತುಸು ನಿಧಾನ, ಗಾಂಭೀರ್ಯಕ್ಕೆ ಅಷ್ಟು ಬೇಕು.

ಮೊದಲ ಬಾರ್: ಒಂದನೇ ಬೀಟಿಗೆ ಕೆಳಗಿನ ಸ. ಎರಡನೇ ಬೀಟಿನಲ್ಲಿ ತಿಸ್ರ, ಅಂದರೆ ಒಂದು ಬೀಟಿನಲ್ಲಿ ಸಮನಾದ ಮೂರು ಸ್ವರ, ಸ-ಸ-ಸ. ಮೂರು ಮತ್ತು ನಾಲ್ಕಕ್ಕೆ ಉದ್ದ ಪ.

ಎರಡನೇ ಬಾರ್: ಅದೇ ಲಯ, ಒಂದು ಮೆಟ್ಟಿಲು ಮೇಲೆ. ಪ, ಪ-ಪ-ಪ, ಆಮೇಲೆ ಮೇಲಿನ ಉದ್ದ ಸ.

ಇಲ್ಲಿಯವರೆಗೆ ಇದು ಯಾರು ಬೇಕಾದರೂ ಬರೆಯುವಂಥದ್ದು. ಬ್ಯೂಗಲ್‌ನಲ್ಲೂ ನುಡಿಸಬಹುದು. ಎಲ್ಲ ಟ್ರಂಪೆಟ್‌ಗಳೂ ಒಂದೇ ಸ್ವರ ನುಡಿಸಲಿ, ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವುದು) ಬೇಡ. ಟ್ರಂಪೆಟ್‌ನವರ ಹಾಳೆಯಲ್ಲಿ ಇದು ಸಿ, ಜಿ, ಮೇಲಿನ ಸಿ ಅಂತ ಬರುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಬೆರಳೇ ಒತ್ತಬೇಕಿಲ್ಲ.

ಮೂರನೇ ಬಾರ್‌ನಲ್ಲಿ ನಮ್ಮ ಕೈಚಳಕ. ಮೇಲಿನ ಸ ಇಂದ ರಿ ಗೆ ಏರಿ, ಮೂರು ಬೀಟ್ ನಿಲ್ಲಿ. ಆ ರಿ ಕೆಳಗೆ ಮೊದಲ ಸಲ ಕಾರ್ಡ್ ತೆರೆದುಕೊಳ್ಳಬೇಕು. ಸಾಮಾನ್ಯವಾಗಿ ಕೈ ಹೋಗುವುದು ಪಂಚಮದ ಕಾರ್ಡ್‌ಗೆ. ಅದು ಬೇಡ. ಕೈಶಿಕಿ ನಿಷಾದದ (ಶಂಕರಾಭರಣದ್ದಕ್ಕಿಂತ ಕೆಳಗಿನ ನಿ) ಮೇಲೆ ಕಟ್ಟಿದ ಕಾರ್ಡ್ ಹಾಕಿ: ನಿ, ರಿ, ಮ. ಅಂದರೆ ಎ ಫ್ಲ್ಯಾಟ್ ಮೇಜರ್. ಶಂಕರಾಭರಣದಲ್ಲಿ ಹೋಗುತ್ತಿದ್ದವರು ಇದ್ದಕ್ಕಿದ್ದಂತೆ ಹರಿಕಾಂಭೋಜಿಯ ಬಾಗಿಲು ತೆಗೆದ ಹಾಗಾಗುತ್ತದೆ. ಸಭೆಯಲ್ಲಿ ತಲೆಗಳು ತಿರುಗುವುದು ಇಲ್ಲಿ.

ನುಡಿಸುವವರಿಗೆ ಕಷ್ಟವಾಗುವುದಿಲ್ಲವಾ? ಬೆರಳುಗಳನ್ನೇ ನೋಡಿ. ಮೂರು ಟ್ರಂಪೆಟ್‌ಗಳಿಗೆ ಹಂಚಿದರೆ ಹಾಳೆಯಲ್ಲಿ ಮೊದಲನೆಯವರಿಗೆ ಡಿ, ಎರಡನೆಯವರಿಗೆ ಬಿ ಫ್ಲ್ಯಾಟ್, ಮೂರನೆಯವರಿಗೆ ಎಫ್. ಈ ಮೂರಕ್ಕೂ ಒಂದನೇ ವಾಲ್ವ್ ಮಾತ್ರ. ಒಂದನೇ ವಾಲ್ವ್ ಒತ್ತಿದರೆ ಕೊಳವೆ ಉದ್ದವಾಗಿ ಇಡೀ ಬ್ಯೂಗಲ್ ಒಂದು ಪೂರ್ತಿ ಸ್ವರ ಕೆಳಗಿಳಿಯುತ್ತದೆ ಅಷ್ಟೇ. ಟ್ರೊಂಬೋನ್‌ನವರಿಗೂ ಹಾಗೇ, ಅವರು ಜಾರುಕೊಳವೆಯನ್ನು ಎಷ್ಟು ಎಳೆದಿದ್ದಾರೆ ಅನ್ನುವುದೇ ಪೊಸಿಷನ್. ಮೊದಲೆರಡು ಬಾರ್‌ನ ಸ-ಪ ಒಂದನೇ ಪೊಸಿಷನ್‌ನಲ್ಲಿ, ಈ ಕಾರ್ಡ್ ಪೂರ್ತಿ ಮೂರನೇ ಪೊಸಿಷನ್‌ನಲ್ಲಿ. ಕೇಳುವವರಿಗೆ ಬೆರಗು, ಊದುವವರಿಗೆ ಒಂದು ಬೆರಳು. ಇಂಥದ್ದು ಸಿಕ್ಕಿದರೆ ಬಿಡಬೇಡಿ. ವಾದ್ಯದ ಮೈಯಿಂದ ಹುಟ್ಟಿದ ಕಾರ್ಡ್‌ಗೆ ಬೇರೆಯೇ ಹೊಳಪು ಇರುತ್ತದೆ.

ನಾಲ್ಕನೇ ಬಾರ್: ಯಾರೂ ಊದಬೇಡಿ. ಬೇಸ್ ಡ್ರಮ್ ಒಂದೇ ಏಟು, ಆಮೇಲೆ ಸೈಡ್ ಡ್ರಮ್‌ನಲ್ಲಿ ಸಣ್ಣಗೆ ಅದೇ ಲಯ.

ಈ ಖಾಲಿ ಬಾರ್ ನೋಡಿ ಹೊಸಬರಿಗೆ ಕೈ ಕೆರೆಯುತ್ತದೆ. ಏನಾದರೂ ತುಂಬಬೇಕು ಅನ್ನಿಸುತ್ತದೆ. ತುಂಬಬೇಡಿ. ಅಮೆರಿಕದ ಏರನ್ ಕೋಪ್‌ಲಂಡ್ 1942ರಲ್ಲಿ ಸಿನ್ಸಿನಾಟಿಯ ಆರ್ಕೆಸ್ಟ್ರಾಗೆ ಬರೆದುಕೊಟ್ಟ ಫ್ಯಾನ್‌ಫೇರ್ ಕೇಳಿ. ಮೊದಲು ತಾಳವಾದ್ಯಗಳ ಭಾರಿ ಏಟು, ನಡುವೆ ಮೌನ. ಆಮೇಲೆ ಟ್ರಂಪೆಟ್‌ಗಳು, ಎಲ್ಲರೂ ಒಂದೇ ಸ್ವರದಲ್ಲಿ. ಅದಾದ ಮೇಲೇ ಹಾರ್ನ್‌ಗಳು ಸೇರುವುದು. ಯುದ್ಧದ ಕಾಲದಲ್ಲಿ ಸಂಗೀತ ಕಚೇರಿಗಳ ಆರಂಭಕ್ಕೆಂದು ಆ ಆರ್ಕೆಸ್ಟ್ರಾದ ನಿರ್ದೇಶಕ ಯುಜೀನ್ ಗೂಸೆನ್ಸ್ ಹಲವರ ಹತ್ತಿರ ಬರೆಸಿದ್ದರು. ಇಂದು ಎಲ್ಲರ ಕಿವಿಯಲ್ಲಿ ಉಳಿದಿರುವುದು ಹೆಚ್ಚುಕಮ್ಮಿ ಇದೊಂದೇ. ಆ ಖಾಲಿ ಜಾಗದ ಪಾಲೂ ಅದರಲ್ಲಿದೆ ಅಂತ ನನ್ನ ಲೆಕ್ಕ.

ನಾಲ್ಕರಿಂದ ಇಪ್ಪತ್ತನಾಲ್ಕಕ್ಕೆ

ಲೆಕ್ಕ ಸುಲಭ. 24 ಬಾರ್ ಅಂದರೆ 96 ಬೀಟ್. ನಮ್ಮ ವೇಗದಲ್ಲಿ ಸರಿಯಾಗಿ ಒಂದು ನಿಮಿಷ.

5ರಿಂದ 8: ಟ್ರಂಪೆಟ್ ಸುಮ್ಮನಿರಲಿ. ಹಾರ್ನ್, ಟ್ರೊಂಬೋನ್, ಯುಫೋನಿಯಂ ಅದೇ ಮಾತನ್ನು ಕೆಳಗಿನ ದನಿಯಲ್ಲಿ ಹೇಳಲಿ. ಮಕ್ಕಳು ಕೂಗಿದ್ದಕ್ಕೆ ದೊಡ್ಡವರು ಉತ್ತರ ಕೊಟ್ಟ ಹಾಗೆ. ಆದರೆ 7ನೇ ಬಾರ್‌ನಲ್ಲಿ ಮ ಕಾರ್ಡ್, 8ರಲ್ಲಿ ಪ ಕಾರ್ಡ್, ಎಲ್ಲರೂ ಸೇರಿ.

9ರಿಂದ 16: ಕ್ಲಾರಿನೆಟ್, ಆಲ್ಟೊ ಸ್ಯಾಕ್ಸೋಫೋನ್, ಯುಫೋನಿಯಂ. ತಿಸ್ರ ಇಲ್ಲ, ಉದ್ದ ಸ್ವರದ ಹಾಡಿನಂಥ ಸಾಲು. ಇದು ಚೆಂದಕ್ಕೆ ಮಾತ್ರ ಅಲ್ಲ. ಈ 8 ಬಾರ್ ಅಂದರೆ 20 ಸೆಕೆಂಡ್. ಅಷ್ಟು ಹೊತ್ತು ಟ್ರಂಪೆಟ್‌ನವರ ತುಟಿಗೆ ರಕ್ತ ಓಡಬೇಕು. ನನ್ನ ಹಳೆಯ ತುಣುಕಿನಲ್ಲಿ ಇಂಥ ಬಿಡುವೇ ಇರಲಿಲ್ಲ. "ತುಟಿ ಏನು ಕಬ್ಬಿಣದ್ದಾ ಸಾರ್?" ಅಂತ ಒಬ್ಬ ಹುಡುಗ ಕೇಳಿಯೇ ಬಿಟ್ಟ. ಕಂಪ್ಯೂಟರ್‌ನಲ್ಲಿ ಬರೆಯುವವರು ಇದನ್ನು ಚೆನ್ನಾಗಿ ನೆನಪಿಡಿ. ಮ್ಯೂಸ್‌ಸ್ಕೋರ್ ಒಳ್ಳೆಯ ಸಾಫ್ಟ್‌ವೇರ್, ಪುಕ್ಕಟೆ. ಆದರೆ ಅದರೊಳಗಿನ ಟ್ರಂಪೆಟ್‌ಗೆ ಸುಸ್ತಾಗುವುದಿಲ್ಲ, ಬಾಯಾರುವುದಿಲ್ಲ, ಬಿಸಿಲಲ್ಲಿ ಎರಡು ಗಂಟೆ ನಿಂತು ಕಾದೂ ಗೊತ್ತಿಲ್ಲ.

17ರಿಂದ 24: ಎಲ್ಲರೂ ವಾಪಸ್. ಮೊದಲ ಸಲ ಬರೀ ಒಂದೇ ಸ್ವರವಾಗಿದ್ದದ್ದು ಈಗ ಪೂರ್ತಿ ಕಾರ್ಡ್‌ನಲ್ಲಿ. 20ನೇ ಬಾರ್‌ನಲ್ಲಿ ಜನ ಆ ಮೌನಕ್ಕೆ ಕಾಯುತ್ತಿರುತ್ತಾರೆ. ಈ ಸಲ ಮೌನ ಕೊಡಬೇಡಿ, ಇಡೀ ಬ್ಯಾಂಡ್ ನುಗ್ಗಲಿ. 22ರಲ್ಲಿ ಮೊದಲ ಟ್ರಂಪೆಟ್ ಮೇಲಿನ ಪ ಮುಟ್ಟಲಿ. ಇಡೀ ತುಣುಕಿನಲ್ಲಿ ಅದು ಒಂದೇ ಸಲ. ಅದಕ್ಕಿಂತ ಮೇಲೆ ಬರೆಯಬೇಡಿ. ಕೊನೆಯ ಎರಡು ಬಾರ್ ಉದ್ದ ಕಾರ್ಡ್, ಥಟ್ಟನೆ ನಿಲುಗಡೆ.

ಇನ್ನು ಅತಿಥಿ ಬೇಗ ಬಂದುಬಿಟ್ಟರೆ? 8ರಿಂದ ನೇರ 17ಕ್ಕೆ ಹಾರುವ ದಾರಿ ಇಟ್ಟಿರಿ. ಆಗ ಉಳಿಯುವುದು 16 ಬಾರ್, 40 ಸೆಕೆಂಡ್. ಈ ಹಾರುವಿಕೆ ಕೇಳುವವರಿಗೆ ಗೊತ್ತಾಗಬಾರದು ಅಂದರೆ 8 ಮತ್ತು 16 ಎರಡೂ ಒಂದೇ ಪ ಕಾರ್ಡ್‌ನಲ್ಲಿ ಮುಗಿಯಬೇಕು. ತಡವಾದರೆ 1ರಿಂದ 8 ಮತ್ತೊಮ್ಮೆ. ಮತ್ತೆ ಮತ್ತೆ ನುಡಿಸಿದರೆ ಜನಕ್ಕೆ ಬೇಜಾರಾಗುತ್ತದೆ ಅಂತ ಹೆದರಬೇಡಿ. 1607ರಲ್ಲಿ ಮಾಂಟೆವೆರ್ದಿ ತನ್ನ ಒಪೆರಾದ ಆರಂಭಕ್ಕೆ ಬರೆದ ಕಹಳೆಯ ತುಣುಕನ್ನು ಪರದೆ ಏಳುವ ಮುಂಚೆ ಮೂರು ಸಲ ನುಡಿಸಿ ಅಂತಲೇ ಸೂಚಿಸಿದ್ದ.

ಹಾರಬೇಕೋ ಬೇಡವೋ ಎಂಬ ಸನ್ನೆ ಮೊದಲೇ ನಿಗದಿಯಾಗಲಿ. ನಮ್ಮಲ್ಲಿ ಬ್ಯಾಂಡ್ ಮಾಸ್ಟರ್ 6ನೇ ಬಾರ್‌ನಲ್ಲಿ ಎಡಗೈ ಮುಷ್ಟಿ ಎತ್ತಿದರೆ ಹಾರು ಅಂತ ಅರ್ಥ.

ಉಳಿದ ವಾದ್ಯಗಳು

ಹೊರಾಂಗಣದಲ್ಲಿ ಫ್ಲೂಟ್‌ನ ಕೆಳಗಿನ ಸ್ವರಗಳು ಕೇಳಿಸುವುದೇ ಇಲ್ಲ. ಮೇಲಿನ ಸ್ಥಾಯಿಯಲ್ಲಿ ಬರೆಯಿರಿ, ಅಥವಾ ಪಿಕೊಲೊ ಕೊಡಿ. ಕ್ಲಾರಿನೆಟ್‌ಗಳಿಗೆ ಉದ್ದ ಕಾರ್ಡ್‌ಗಳ ಮೇಲೆ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರ ಬೇಗಬೇಗ ಬದಲಿಸುವುದು) ಕೊಟ್ಟರೆ ಝಗಮಗ ಬರುತ್ತದೆ. ಬ್ಯಾರಿಟೋನ್ ಸ್ಯಾಕ್ಸೋಫೋನ್ ಟ್ಯೂಬಾ ಜೊತೆ ಇರಲಿ.

ಟಿಂಪನಿ, ಅಂದರೆ ಶ್ರುತಿ ಮಾಡಬಹುದಾದ ದೊಡ್ಡ ನಗಾರಿ, ಸಭಾಂಗಣದಲ್ಲಿ ಮಾತ್ರ. ಎರಡೇ ಇದ್ದರೆ ಬಿ ಫ್ಲ್ಯಾಟ್, ಎಫ್ ಎರಡಕ್ಕೆ ಶ್ರುತಿ ಮಾಡಿ, ಮೂರನೇ ಬಾರ್‌ನ ಕಾರ್ಡ್‌ನಲ್ಲಿ ಕೈ ಕಟ್ಟಿ ಕೂರಲು ಹೇಳಿ. ಆ ಎರಡೂ ಸ್ವರ ಆ ಕಾರ್ಡ್‌ನಲ್ಲಿ ಇಲ್ಲ. ಸಿಂಬಲ್ ಇಡೀ ತುಣುಕಿಗೆ ಎರಡೇ ಏಟು ಸಾಕು, 17ಕ್ಕೆ ಒಂದು, 23ಕ್ಕೆ ಒಂದು. ಸಿಂಬಲ್ ಉಪ್ಪಿದ್ದ ಹಾಗೆ.

ಹಾಳೆ ಬರೆಯುವಾಗ ಎಡವುವ ಜಾಗ

ಬ್ಯಾಂಡ್‌ನಲ್ಲಿ ಒಬ್ಬೊಬ್ಬರ ವಾದ್ಯದ ಸಿ ಒಂದೊಂದು. ನಮಗೆ ಬೇಕಾದದ್ದು ಬಿ ಫ್ಲ್ಯಾಟ್ ಷಡ್ಜ. ಅದಕ್ಕೆ ಟ್ರಂಪೆಟ್, ಕ್ಲಾರಿನೆಟ್, ಟೆನರ್ ಸ್ಯಾಕ್ಸೋಫೋನ್‌ನವರ ಹಾಳೆಯಲ್ಲಿ ಸಿ ಬರೆಯಬೇಕು. ಹಾರ್ನ್‌ಗೆ ಎಫ್. ಆಲ್ಟೊ ಮತ್ತು ಬ್ಯಾರಿಟೋನ್ ಸ್ಯಾಕ್ಸೋಫೋನ್‌ಗೆ ಜಿ. ಫ್ಲೂಟ್, ಟ್ರೊಂಬೋನ್, ಟ್ಯೂಬಾಗೆ ಇದ್ದ ಹಾಗೇ ಬಿ ಫ್ಲ್ಯಾಟ್. ಯುಫೋನಿಯಂನವರನ್ನು ಮಾತ್ರ ಮೊದಲೇ ಕೇಳಿಬಿಡಿ, ಯಾವ ಕ್ಲೆಫ್ (ಗೆರೆಗಳ ಮೇಲಿನ ಸ್ವರಸ್ಥಾನ ತೋರಿಸುವ ಗುರುತು) ಓದುತ್ತೀರಿ ಅಂತ. ಬೇಸ್ ಕ್ಲೆಫ್ ಓದುವವರೂ ಇದ್ದಾರೆ, ಟ್ರೆಬಲ್ ಓದುವವರೂ ಇದ್ದಾರೆ. ಎರಡಕ್ಕೂ ಹಾಳೆ ಮಾಡಿಟ್ಟರೆ ಜಗಳವಿಲ್ಲ.

ಒಂದು ಸಲ ಅವಸರದಲ್ಲಿ ಟ್ರಂಪೆಟ್‌ನ ಹಾಳೆಯನ್ನೇ ಜೆರಾಕ್ಸ್ ಮಾಡಿ ಹಾರ್ನ್‌ಗೆ ಕೊಟ್ಟಿದ್ದೆ. ಅವರು ಸಿ ಊದಿದರು, ಬಂದದ್ದು ಎಫ್. ಟ್ರಂಪೆಟ್ ಸ-ಪ-ಸ ಅಂದರೆ ಹಾರ್ನ್ ಅದರ ಕೆಳಗೆ ಪ-ರಿ-ಪ ಅನ್ನುತ್ತಿತ್ತು. ತಾಲೀಮಿಗೆ ಬಂದಿದ್ದ ಸ್ನೇಹಿತರೊಬ್ಬರು ಇದೇ ಚೆನ್ನಾಗಿದೆ, ಹೀಗೇ ಇರಲಿ ಅಂದರು. ಹಾರ್ನ್‌ನವರು ಒಪ್ಪಲಿಲ್ಲ.

ಪ್ರತಿ ಬಾರ್‌ಗೂ ನಂಬರ್ ಹಾಕಿ. ನಿಂತು ನುಡಿಸುವ ಬ್ಯಾಂಡ್ ಆದರೆ ವಾದ್ಯಕ್ಕೇ ಸಿಕ್ಕಿಸುವ ಕ್ಲಿಪ್‌ಗೆ ಹಿಡಿಸುವಷ್ಟು ಸಣ್ಣ ರಟ್ಟಿನ ಹಾಳೆಯಲ್ಲಿ ಇಡೀ ಭಾಗ ಬರಬೇಕು. 24 ಬಾರ್ ಅಲ್ಲಿ ಸರಾಗವಾಗಿ ಕೂರುತ್ತದೆ, ಹಾಳೆ ತಿರುಗಿಸುವ ಪ್ರಶ್ನೆಯೇ ಇಲ್ಲ.

ತಾಲೀಮು, ಮತ್ತು 34 ಮೀಟರ್

ಮೊದಲ ತಾಲೀಮಿನಲ್ಲಿ ಸ್ವರವೇ ಬೇಡ. ಎಲ್ಲರೂ ಲಯವನ್ನು ಬಾಯಲ್ಲಿ ಹೇಳಲಿ. ತಿಸ್ರ ಇಲ್ಲೇ ಕೆಡುವುದು. "ತಕಿಟ" ಅಂತ ಮೂರು ಸಮನಾಗಿ ಹೇಳಿಸಿ. ಅವಸರದಲ್ಲಿ ಎರಡು ಸಣ್ಣ, ಒಂದು ಉದ್ದ ಆಗಿಬಿಡುತ್ತದೆ. ಆಮೇಲೆ ಮೂರನೇ ಬಾರ್‌ನ ಕಾರ್ಡ್ ಒಂದನ್ನೇ ಮೆಲ್ಲಗೆ ನುಡಿಸಿ ಶ್ರುತಿ ಸೇರಿಸಿ. ಜೋರಾಗಿ ನುಡಿಸುವಾಗ ತಪ್ಪು ಮುಚ್ಚಿಹೋಗುತ್ತದೆ ಅಂದುಕೊಳ್ಳುತ್ತೇವೆ, ಆಗುವುದು ಉಲ್ಟಾ.

ಟ್ರಂಪೆಟ್‌ಗಳನ್ನು ಬಾಗಿಲ ಆಚೆ ಈಚೆ ನಿಲ್ಲಿಸೋಣ, ನೋಡಲು ಚೆಂದ ಅಂತ ಸಂಘಟಕರು ಹೇಳಿಯೇ ಹೇಳುತ್ತಾರೆ. ಒಪ್ಪುವ ಮುಂಚೆ ದೂರ ಅಳೆಯಿರಿ. ಎರಡು ಗುಂಪುಗಳ ನಡುವೆ 34 ಮೀಟರ್ ಇದ್ದರೆ ಒಬ್ಬರ ಸದ್ದು ಇನ್ನೊಬ್ಬರಿಗೆ ಮುಟ್ಟಲು 0.1 ಸೆಕೆಂಡ್. ನಮ್ಮ ವೇಗದಲ್ಲಿ ತಿಸ್ರದ ಒಂದು ಸ್ವರಕ್ಕೆ ಸಿಗುವುದೇ ಸುಮಾರು 0.2 ಸೆಕೆಂಡ್. ಒಬ್ಬರನ್ನೊಬ್ಬರು ಕೇಳಿಕೊಂಡು ನುಡಿಸಿದರೆ ಅರ್ಧ ಸ್ವರ ಹಿಂದೆ ಬಿದ್ದಾಯಿತು. ಹಾಗಾಗಿ ದೂರ ನಿಂತವರು ಕಿವಿ ಮುಚ್ಚಿಕೊಂಡು ಕಣ್ಣಲ್ಲಿ ನುಡಿಸಬೇಕು, ಬ್ಯಾಂಡ್ ಮಾಸ್ಟರ್ ಕೈ ಮಾತ್ರ ನೋಡಿ. ಅದೂ ಆಗದಿದ್ದರೆ ಬರಹವನ್ನೇ ಬದಲಿಸಿ: ಒಂದು ಗುಂಪು ಒಂದನೇ ಬಾರ್, ಇನ್ನೊಂದು ಗುಂಪು ಎರಡನೇ ಬಾರ್. ಜೊತೆಯಲ್ಲಿ ನುಡಿಸುವುದೇ ಇಲ್ಲ ಅಂದ ಮೇಲೆ ತಪ್ಪುವುದೆಲ್ಲಿ?

ಕಾರ್ಯಕ್ರಮದ ದಿನ

ಚಳಿಯಲ್ಲಿ ಹಿತ್ತಾಳೆಯ ಶ್ರುತಿ ಇಳಿಯುತ್ತದೆ, ಬಿಸಿಲಲ್ಲಿ ಏರುತ್ತದೆ. ನೆರಳಲ್ಲಿ ಶ್ರುತಿ ಮಾಡಿ ಬಿಸಿಲಿಗೆ ಹೋದರೆ ಪ್ರಯೋಜನವಿಲ್ಲ. ನಿಲ್ಲುವ ಜಾಗದಲ್ಲೇ ಮಾಡಿ. ಕಾಯುವಾಗ ಆಗಾಗ ವಾದ್ಯದೊಳಗೆ ಸದ್ದಿಲ್ಲದೆ ಬೆಚ್ಚಗೆ ಉಸಿರು ಬಿಡುತ್ತಿರಲು ಹೇಳಿ.

ಅತಿಥಿಯ ಕಾರು ಕಂಡ ಕೂಡಲೇ ಶುರು ಮಾಡಬೇಡಿ. ಬಾಗಿಲು ತೆರೆಯಬೇಕು, ಇಳಿಯಬೇಕು, ಯಾರದೋ ಕೈ ಕುಲುಕಬೇಕು. ಮೊದಲ ಹೆಜ್ಜೆ ಇಟ್ಟಾಗ ಸನ್ನೆ ಕೊಡಲು ಅಲ್ಲಿ ಒಬ್ಬರನ್ನು ನಿಲ್ಲಿಸಿ, ಬಿಳಿ ಕರವಸ್ತ್ರ ಕೊಟ್ಟು. ಫೋನ್ ನಂಬಬೇಡಿ. ಜೇಬಲ್ಲಿ ಎಲ್ಲ ಭಾಗಗಳ ಇನ್ನೊಂದು ಪ್ರತಿ ಇರಲಿ, ಅದರ ಜೊತೆ ಬಟ್ಟೆ ಒಣಹಾಕುವ ಕ್ಲಿಪ್ ಒಂದು ಡಜನ್. ಗಾಳಿ ಬಂದರೆ ಮೊದಲು ಹಾರುವುದು ಮೂರನೇ ಟ್ರಂಪೆಟ್‌ನವರ ಹಾಳೆ, ಯಾಕೋ ಗೊತ್ತಿಲ್ಲ, ಪ್ರತಿ ಸಲ ಅವರದ್ದೇ.